ಗೋಡೆಗಳಿಲ್ಲದ ನಾಡಿನಲ್ಲೊಂದು ಗೋಡೆ

ತಪ್ಪೇ ಇಲ್ಲದ ಸಮಾಜವೊಂದನ್ನು ಕಟ್ಟಬೇಕೆಂಬ ಆಸೆ ಮನುಷ್ಯನಿಗೆ ಬಹು ಹಿಂದಿನಿಂದಲೂ ಇದೆ. ಈ ಆಸೆಗೆ ಇಂದು ಬಳಕೆಯಲ್ಲಿರುವ ಹೆಸರು ಸಿಕ್ಕಿದ್ದು 1516ರಲ್ಲಿ. ಇಂಗ್ಲೆಂಡಿನ ಥಾಮಸ್ ಮೋರ್ ಲ್ಯಾಟಿನ್ ಭಾಷೆಯಲ್ಲಿ ಬರೆದ ತನ್ನ ಪುಸ್ತಕದ ದ್ವೀಪಕ್ಕೆ ‘ಯುಟೋಪಿಯ’ ಎಂದು ಹೆಸರಿಟ್ಟ. ಗ್ರೀಕ್ ಮೂಲದ ಈ ಪದಕ್ಕೆ ‘ಎಲ್ಲೂ ಇಲ್ಲದ ಊರು’ ಎಂದರ್ಥ. ಮೊದಲ ಅಕ್ಷರವನ್ನು ತುಸು ಬದಲಿಸಿದರೆ ‘ಒಳ್ಳೆಯ ಊರು’ ಎಂದೂ ಆಗುತ್ತದೆ. ಮೋರನ ದ್ವೀಪದಲ್ಲಿ ಯಾರಿಗೂ ಖಾಸಗಿ ಆಸ್ತಿಯಿಲ್ಲ. ದಿನಕ್ಕೆ ಆರು ಗಂಟೆ ಮಾತ್ರ ದುಡಿಮೆ. ಆದರೆ ಅಲ್ಲಿ ಗುಲಾಮರಿದ್ದಾರೆ. ಬೇರೆ ಊರಿಗೆ ಹೋಗಬೇಕಾದರೆ ಮೇಲಿನವರ ಅಪ್ಪಣೆ ಚೀಟಿ ಬೇಕು. ಅಂದರೆ ಮೊದಲ ಯುಟೋಪಿಯದಲ್ಲೇ ಬಿರುಕು ಇತ್ತು ಎಂಬುದನ್ನು ಗಮನಿಸಬೇಕು.

ಆ ಮೇಲಿನ ಶತಮಾನಗಳಲ್ಲಿ ಇಂಥ ಪುಸ್ತಕಗಳ ಒಂದು ಪರಂಪರೆಯೇ ಬೆಳೆಯಿತು. 1888ರಲ್ಲಿ ಅಮೆರಿಕದ ಎಡ್ವರ್ಡ್ ಬೆಲ್ಲಮಿ, 1890ರಲ್ಲಿ ಇಂಗ್ಲೆಂಡಿನ ವಿಲಿಯಂ ಮಾರಿಸ್ ತಮ್ಮ ತಮ್ಮ ಕನಸಿನ ನಾಡುಗಳನ್ನು ಚಿತ್ರಿಸಿದರು. ಇಪ್ಪತ್ತನೆಯ ಶತಮಾನ ಬಂದು ಮಹಾಯುದ್ಧಗಳನ್ನೂ ಸರ್ವಾಧಿಕಾರಿಗಳನ್ನೂ ಕಂಡ ಮೇಲೆ ಕನಸು ದುಃಸ್ವಪ್ನವಾಯಿತು. ರಷ್ಯದ ಯೆವ್ಗೆನಿ ಜಮ್ಯಾತಿನ್ ಬರೆದ ‘ನಾವು’ ಕಾದಂಬರಿಯ ಜನ ಗಾಜಿನ ಮನೆಗಳಲ್ಲಿ ವಾಸಿಸುತ್ತಾರೆ, ಹೆಸರಿನ ಬದಲು ಸಂಖ್ಯೆಗಳನ್ನು ಹೊತ್ತಿರುತ್ತಾರೆ. ಆ ಪುಸ್ತಕ ಅವನ ಸ್ವಂತ ದೇಶದಲ್ಲಿ ಅಚ್ಚಾಗಲು 1988ರವರೆಗೆ ಕಾಯಬೇಕಾಯಿತು. 1932ರಲ್ಲಿ ಹಕ್ಸ್‌ಲಿಯ ‘ಬ್ರೇವ್ ನ್ಯೂ ವರ್ಲ್ಡ್’, 1949ರಲ್ಲಿ ಆರ್ವೆಲ್‌ನ ‘1984’ ಬಂದವು. ಹೀಗೆ ಓದುಗನ ಮುಂದೆ ಎರಡೇ ದಾರಿಗಳು ಉಳಿದವು. ಒಂದೋ ಕುಂದಿಲ್ಲದ ಸ್ವರ್ಗವನ್ನು ನಂಬಬೇಕು, ಇಲ್ಲವೇ ಸ್ವರ್ಗ ಕಟ್ಟಲು ಹೊರಟವರೆಲ್ಲ ನರಕವನ್ನೇ ಕಟ್ಟುತ್ತಾರೆಂದು ಕೈಚೆಲ್ಲಬೇಕು.

ಈ ಎರಡನ್ನೂ ಒಪ್ಪದ ಒಂದು ಕಾದಂಬರಿ 1974ರಲ್ಲಿ ಅಮೆರಿಕದಲ್ಲಿ ಪ್ರಕಟವಾಯಿತು. ಅದರ ಹೆಸರು ‘ದಿ ಡಿಸ್‌ಪೊಸೆಸ್ಡ್’, ಅಂದರೆ ‘ಏನೂ ಇಲ್ಲದವರು’. ಏನನ್ನೂ ತಮ್ಮದೆಂದು ಇಟ್ಟುಕೊಳ್ಳದವರು ಎಂದೂ ಅರ್ಥ ಮಾಡಬಹುದು, ಎಲ್ಲವನ್ನೂ ಕಳೆದುಕೊಂಡವರು ಎಂದೂ ಮಾಡಬಹುದು. ಅನೇಕ ಮುದ್ರಣಗಳಲ್ಲಿ ಹೆಸರಿನ ಜೊತೆಗೆ ‘ಒಂದು ಸಂದಿಗ್ಧ ಯುಟೋಪಿಯ’ ಎಂಬ ಅರ್ಥದ ಉಪಶೀರ್ಷಿಕೆಯೂ ಇದೆ. ಬರೆದವರು ಉರ್ಸುಲಾ ಲೆ ಗ್ವಿನ್. ವೈಜ್ಞಾನಿಕ ಕಥಾಸಾಹಿತ್ಯಕ್ಕೆ ಕೊಡುವ ಹ್ಯೂಗೊ ಮತ್ತು ನೆಬ್ಯುಲಾ ಎಂಬ ಎರಡು ದೊಡ್ಡ ಪ್ರಶಸ್ತಿಗಳೂ ಇದಕ್ಕೆ ಬಂದವು.

ಲೆ ಗ್ವಿನ್ ಹುಟ್ಟಿದ್ದು 1929ರಲ್ಲಿ, ಕ್ಯಾಲಿಫೋರ್ನಿಯದ ಬರ್ಕ್ಲಿಯಲ್ಲಿ. ತಂದೆ ಆಲ್ಫ್ರೆಡ್ ಕ್ರೋಬರ್ ಹೆಸರಾಂತ ಮಾನವಶಾಸ್ತ್ರಜ್ಞ. ಅಮೆರಿಕದ ಮೂಲನಿವಾಸಿಗಳ ಭಾಷೆ, ಆಚಾರಗಳನ್ನು ದಾಖಲಿಸಿದವರು. ಯಾಹಿ ಬುಡಕಟ್ಟಿನಲ್ಲಿ ಕೊನೆಯವನಾಗಿ ಉಳಿದ ಇಶಿ ಎಂಬಾತನ ಬದುಕಿನ ಕಥೆಯನ್ನು ತಾಯಿ ಥಿಯೊಡೋರಾ ಬರೆದು 1961ರಲ್ಲಿ ಪ್ರಕಟಿಸಿದರು. ಮನುಷ್ಯರು ಬದುಕಬಹುದಾದ ರೀತಿ ಒಂದೇ ಅಲ್ಲ ಎಂಬುದು ಇಂಥ ಮನೆಯಲ್ಲಿ ಬೆಳೆದ ಮಗುವಿಗೆ ಪಾಠವಾಗಿ ಅಲ್ಲ, ದಿನನಿತ್ಯದ ಮಾತಾಗಿಯೇ ತಿಳಿದಿರುತ್ತದೆ. ಮುಂದೆ ವಿಯೆಟ್ನಾಂ ಯುದ್ಧದ ವರ್ಷಗಳಲ್ಲಿ ಅವರು ಅಹಿಂಸೆಯ ಬಗ್ಗೆ ಓದತೊಡಗಿದರು. ಗಾಂಧೀಜಿಯಿಂದ ಆರಂಭವಾದ ಆ ಓದು ತಮ್ಮನ್ನು ರಷ್ಯದ ಪೀಟರ್ ಕ್ರೊಪಾಟ್ಕಿನ್, ಅಮೆರಿಕದ ಪಾಲ್ ಗುಡ್‌ಮನ್ ಮೊದಲಾದ ಅರಾಜಕತಾವಾದಿಗಳ ಬಳಿಗೆ ಕರೆದೊಯ್ಯಿತೆಂದು ಅವರೇ ಹೇಳಿಕೊಂಡಿದ್ದಾರೆ.

‘ಅರಾಜಕತೆ’ ಎಂಬ ಪದದ ಬಗ್ಗೆ ಇಲ್ಲಿ ಒಂದು ಮಾತು ಹೇಳಬೇಕು. ಕನ್ನಡದಲ್ಲಿ ಈ ಪದ ಕೇಳಿದೊಡನೆ ದೊಂಬಿ, ಲೂಟಿ, ಹೇಳುವವರು ಕೇಳುವವರು ಇಲ್ಲದ ಸ್ಥಿತಿ ಕಣ್ಣಮುಂದೆ ಬರುತ್ತದೆ. ಆದರೆ ಪದದ ಒಳಗಿರುವುದು ‘ಅರಸನಿಲ್ಲದ ಸ್ಥಿತಿ’ ಎಂಬ ಅರ್ಥವಷ್ಟೇ. ಪ್ರಾಣಿಗಳೂ ಮನುಷ್ಯರೂ ಉಳಿದು ಬಂದಿರುವುದು ಪೈಪೋಟಿಯಿಂದ ಮಾತ್ರವಲ್ಲ, ಪರಸ್ಪರ ನೆರವಿನಿಂದ ಎಂದು ಕ್ರೊಪಾಟ್ಕಿನ್ 1902ರ ತನ್ನ ಗ್ರಂಥದಲ್ಲಿ ವಾದಿಸಿದ. ಹಾಗಾದರೆ ಮೇಲಿನಿಂದ ಆಳುವವರು ಏಕೆ ಬೇಕು ಎಂಬುದು ಅವನಂಥವರ ಪ್ರಶ್ನೆ. ಪ್ರತಿಯೊಬ್ಬನೂ ತನ್ನನ್ನು ತಾನೇ ಆಳಿಕೊಳ್ಳುವ ವಿವೇಕಯುತ ಅರಾಜಕತೆಯ ಬಗ್ಗೆ ಗಾಂಧೀಜಿಯೂ 1931ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ಬರೆದಿದ್ದರು. ಅಂಥ ಸಮಾಜ ನಿಜವಾಗಿಯೂ ಆಗಿಬಿಟ್ಟರೆ ಏನಾದೀತು? ಲೆ ಗ್ವಿನ್ ಕೇಳಿದ್ದು ಇದನ್ನು.

ಕಾದಂಬರಿಯಲ್ಲಿ ಎರಡು ಲೋಕಗಳಿವೆ, ಉರಾಸ್ ಮತ್ತು ಅನಾರೆಸ್. ಟೌ ಸೆಟಿ ಎಂಬ ನಕ್ಷತ್ರದ ಸುತ್ತ ಜೊತೆಯಾಗಿ ಸುತ್ತುವ ಇವು ಒಂದಕ್ಕೊಂದು ಚಂದ್ರರು. ಉರಾಸ್ ನೀರು, ಹಸಿರು, ಸಂಪತ್ತು ತುಂಬಿದ ಲೋಕ. ಅಲ್ಲಿ ದೇಶಗಳಿವೆ, ಸೈನ್ಯಗಳಿವೆ, ಬಡವ ಬಲ್ಲಿದರಿದ್ದಾರೆ. ಅಲ್ಲಿ ಓಡೋ ಎಂಬ ಹೆಂಗಸು ಸೆರೆಮನೆಯಲ್ಲಿ ವರ್ಷಗಟ್ಟಲೆ ಇದ್ದು ಬರೆದ ವಿಚಾರಗಳಿಂದ ದೊಡ್ಡ ಚಳವಳಿ ಹುಟ್ಟುತ್ತದೆ. ಅವಳು ಸತ್ತ ಮೇಲೆ ಅವಳ ಅನುಯಾಯಿಗಳಿಗೆ ಉರಾಸಿನ ಸರಕಾರಗಳು ಒಂದು ಒಪ್ಪಂದ ಮುಂದಿಡುತ್ತವೆ. ಬರಡಾದ ಅನಾರೆಸನ್ನು ತೆಗೆದುಕೊಳ್ಳಿ, ನಮ್ಮ ತಂಟೆಗೆ ಬರಬೇಡಿ ಎಂದು. ಅವರು ಹೊರಟು ಹೋಗುತ್ತಾರೆ. ಕಥೆ ನಡೆಯುವುದು ಅದಾಗಿ ಸುಮಾರು 170 ವರ್ಷಗಳ ಮೇಲೆ.

ಅನಾರೆಸಿನಲ್ಲಿ ಸರಕಾರವಿಲ್ಲ, ಪೊಲೀಸರಿಲ್ಲ, ಹಣವಿಲ್ಲ, ಸೆರೆಮನೆಯಿಲ್ಲ. ಕೆಲಸಗಳನ್ನು ಹಂಚಲು ಒಂದು ಕಚೇರಿ ಇದೆ. ಅದು ಅಪ್ಪಣೆ ಕೊಡುವುದಿಲ್ಲ, ಎಲ್ಲಿ ಯಾವ ಕೆಲಸವಿದೆ ಎಂದು ತಿಳಿಸುತ್ತದೆ ಅಷ್ಟೆ. ಒಲ್ಲೆ ಎನ್ನುವ ಹಕ್ಕು ಎಲ್ಲರಿಗೂ ಇದೆ. ಹತ್ತು ದಿನಕ್ಕೊಮ್ಮೆ ವಿಜ್ಞಾನಿಯೂ ಊರಿನ ಕಷ್ಟದ ಕೆಲಸಕ್ಕೆ ಕೈಹಾಕುತ್ತಾನೆ. ಊಟ ಸಾಮೂಹಿಕ ಭೋಜನಶಾಲೆಯಲ್ಲಿ. ಹೆಣ್ಣು ಗಂಡು ಎಂಬ ಭೇದ ಯಾವ ದುಡಿಮೆಯಲ್ಲೂ ಇಲ್ಲ. ಅವರು ಹೊಸದಾಗಿ ಕಟ್ಟಿಕೊಂಡ ಭಾಷೆಯೇ ಒಂದು ಅಧ್ಯಯನದ ವಸ್ತು. ಅದರಲ್ಲಿ ‘ನನ್ನ’ ಎಂಬ ಮಾತಿನ ಬಳಕೆ ಅತಿ ಕಡಿಮೆ. ‘ನನ್ನ ಕೈ ನೋಯುತ್ತಿದೆ’ ಎನ್ನುವ ಬದಲು ‘ಕೈ ನೋಯುತ್ತಿದೆ’ ಎನ್ನುವುದು ರೂಢಿ. ಕೆಲಸಕ್ಕೂ ಆಟಕ್ಕೂ ಒಂದೇ ಪದ. ಕನ್ನಡಿಗರು ತಲೆ ನೋಯುತ್ತಿದೆ, ಹೊಟ್ಟೆ ಹಸಿಯುತ್ತಿದೆ ಎಂದು ಸಹಜವಾಗಿಯೇ ಹೇಳುವುದರಿಂದ ನಮಗೆ ಇದರಲ್ಲಿ ಅರ್ಧದಷ್ಟು ವಿಚಿತ್ರವೆನಿಸಲಾರದು. ‘ನನ್ನ’ ಎನ್ನದೆ ಇಂಥ ಮಾತು ಸಾಗದ ಇಂಗ್ಲಿಷ್ ಓದುಗನಿಗೆ ಅದು ನೆಲವೇ ಅಲುಗಿದಂತೆ.

ಇದೆಲ್ಲ ಬರೀ ಮಾತಿನ ಮಂಟಪವಲ್ಲ. ಅನಾರೆಸಿನ ಬಡತನ ನಿಜವಾದದ್ದು, ಅಲ್ಲಿನ ಸ್ನೇಹವೂ ನಿಜವಾದದ್ದು. ಅಲ್ಲಿ ಯಾರೂ ಇನ್ನೊಬ್ಬನ ಹಸಿವಿನಿಂದ ಲಾಭ ಮಾಡಿಕೊಳ್ಳಲಾರರು. ಲೇಖಕಿಗೆ ಈ ನಾಡಿನ ಮೇಲೆ ಪ್ರೀತಿಯಿದೆ. ಅದು ಕಾಣುತ್ತದೆ ಕೂಡ. ಆದುದರಿಂದಲೇ ಅದರ ದೋಷಗಳನ್ನು ಹೇಳುವಾಗ ಅವರ ಮಾತಿಗೆ ತೂಕ ಬರುತ್ತದೆ.

ಕಥೆಯ ನಾಯಕ ಶೆವೆಕ್ ಭೌತವಿಜ್ಞಾನಿ. ಅವನ ಬಾಲ್ಯದ ಒಂದು ಪ್ರಸಂಗ ಹೀಗಿದೆ. ಓಡೋಳ ಚರಿತ್ರೆ ಓದಿದ ಹುಡುಗರಿಗೆ ‘ಸೆರೆಮನೆ’ ಎಂದರೇನೆಂದು ತಿಳಿಯುವುದಿಲ್ಲ, ಅವರ ನಾಡಿನಲ್ಲಿ ಅದಿಲ್ಲವಲ್ಲ. ಆಡಿ ನೋಡೋಣವೆಂದು ಶಾಲೆಯ ಕಟ್ಟಡದ ಅಡಿಯ ಕತ್ತಲ ಸಂದಿಯಲ್ಲಿ ಒಬ್ಬ ಗೆಳೆಯನನ್ನು ಅವನ ಒಪ್ಪಿಗೆಯಿಂದಲೇ ಕೂಡಿಹಾಕುತ್ತಾರೆ. ಮೂವತ್ತು ಗಂಟೆ ಕಳೆದು ಬಾಗಿಲು ತೆಗೆದಾಗ ಅವನು ತನ್ನ ಮೇಲೆಯೇ ಹೊಲಸು ಮಾಡಿಕೊಂಡು ಹೊರಬರುತ್ತಾನೆ. ಕಾವಲು ನಿಂತ ಹುಡುಗರು ಆ ಹೊತ್ತಿನಲ್ಲಿ ಅನುಭವಿಸಿದ ಅಧಿಕಾರದ ಸುಖ ನೆನೆದು ಶೆವೆಕ್ ವಾಂತಿ ಮಾಡಿಕೊಳ್ಳುತ್ತಾನೆ. ಸೆರೆಮನೆಯ ಕಟ್ಟಡಗಳನ್ನು ಕೆಡವಿದ ಮಾತ್ರಕ್ಕೆ ಕಾವಲುಗಾರ ಇಲ್ಲವಾಗುವುದಿಲ್ಲ, ಅವನು ಮಕ್ಕಳ ಆಟದಲ್ಲೂ ಹುಟ್ಟಿ ಬರಬಲ್ಲ.

ದೊಡ್ಡವನಾದ ಶೆವೆಕ್ ರಾಜಧಾನಿಯಂತಿರುವ ಊರಿನ ಸಂಶೋಧನಾ ಕೇಂದ್ರಕ್ಕೆ ಬರುತ್ತಾನೆ. ಅಲ್ಲಿ ಸಾಬುಲ್ ಎಂಬ ಹಿರಿಯ ವಿಜ್ಞಾನಿ ಇದ್ದಾನೆ. ಅವನಿಗೆ ಹುದ್ದೆಯಿಲ್ಲ, ಸಂಬಳವಿಲ್ಲ, ಸಹಿಯ ಅಧಿಕಾರವಿಲ್ಲ. ಆದರೂ ಯಾವ ಪುಸ್ತಕ ಅಚ್ಚಾಗಬೇಕು, ಯಾವುದು ಆಗಬಾರದು ಎಂಬುದು ಅವನ ಮಾತಿನ ಮೇಲೆ ನಿಂತಿದೆ. ಶೆವೆಕನ ಮೊದಲ ದೊಡ್ಡ ಕೃತಿ ಹೊರಬರುವುದು ಸಾಬುಲ್‌ನ ಹೆಸರನ್ನೂ ಸೇರಿಸಿಕೊಂಡ ಮೇಲೆಯೇ. ವಿಶ್ವವಿದ್ಯಾಲಯಗಳ ಒಳಹೊರಗು ಬಲ್ಲವರಿಗೆ ಈ ಭಾಗ ಅರ್ಥವಾಗಲು ಬೇರೆ ಗ್ರಹಕ್ಕೆ ಹೋಗಬೇಕಾಗಿಲ್ಲ.

ಇನ್ನೊಬ್ಬ ಗೆಳೆಯ ತಿರಿನ್. ಅವನು ಒಂದು ನಗೆ ನಾಟಕ ಬರೆಯುತ್ತಾನೆ. ನಾಟಕ ಅನಾರೆಸಿನ ನಂಬಿಕೆಗಳನ್ನು ಗೇಲಿ ಮಾಡುತ್ತದೆಂದು ಜನರಿಗೆ ಅನ್ನಿಸುತ್ತದೆ. ಯಾರೂ ಅದನ್ನು ನಿಷೇಧಿಸುವುದಿಲ್ಲ. ನಿಷೇಧಿಸುವ ಕಾನೂನೇ ಅಲ್ಲಿಲ್ಲ. ಸಭೆಯಲ್ಲಿ ಅವನನ್ನು ಎಲ್ಲರೆದುರು ಖಂಡಿಸುತ್ತಾರೆ, ಅಷ್ಟೆ. ಆ ಮೇಲೆ ಅವನ ಬುದ್ಧಿಗೆ ತಕ್ಕ ಕೆಲಸ ಅವನಿಗೆ ಸಿಗುವುದೇ ಇಲ್ಲ. ಕೊನೆಗೆ ಒಂದು ದ್ವೀಪದ ಚಿಕಿತ್ಸಾ ಕೇಂದ್ರ ಸೇರಿ ಅದೇ ನಾಟಕವನ್ನು ಮತ್ತೆ ಮತ್ತೆ ಬರೆಯುತ್ತಾ ಮುರಿದು ಹೋಗುತ್ತಾನೆ. ಈ ಅನ್ಯಾಯಕ್ಕೆ ಇವರೇ ಹೊಣೆ ಎಂದು ಬೆರಳು ತೋರಿಸಲು ಒಬ್ಬನೂ ಸಿಗುವುದಿಲ್ಲ.

ಇದನ್ನು ಬಿಡಿಸಿ ಹೇಳುವವನು ಬೆದಪ್ ಎಂಬ ಮೂರನೆಯ ಗೆಳೆಯ. ನಮ್ಮಲ್ಲಿ ಸರಕಾರವಿಲ್ಲ ನಿಜ, ಆದರೆ ನೆರೆಯವರ ಅಭಿಪ್ರಾಯವೇ ಈಗ ಸರಕಾರವಾಗಿದೆ ಎಂಬುದು ಅವನ ವಾದದ ತಿರುಳು. ಓಡೋ ಪ್ರಶ್ನಿಸುವುದನ್ನು ಕಲಿಸಿದಳು. ಈಗ ಅವಳ ಮಾತುಗಳನ್ನೇ ಮಕ್ಕಳಿಗೆ ಬಾಯಿಪಾಠ ಮಾಡಿಸಲಾಗುತ್ತಿದೆ. ಕ್ರಾಂತಿ ಮಂತ್ರವಾಯಿತು, ಮಂತ್ರ ರೂಢಿಯಾಯಿತು. ನಾಲ್ವರು ಏನನ್ನುತ್ತಾರೋ ಎಂಬ ಅಂಜಿಕೆ ಕಾನೂನಿಗಿಂತ ಬಿಗಿಯಾಗಿ ಕಟ್ಟಿಹಾಕುತ್ತದೆ. ಕಾನೂನನ್ನು ಎದುರಿಸಿ ನಿಲ್ಲಬಹುದು, ಅದಕ್ಕೊಂದು ಮುಖವಿದೆ. ರೂಢಿಗೆ ಮುಖವಿಲ್ಲ, ಅದು ನಮ್ಮೊಳಗೇ ಕುಳಿತು ನಮ್ಮ ದನಿಯಲ್ಲೇ ಮಾತಾಡುತ್ತದೆ.

ಈ ಮಾತನ್ನು ಲೇಖಕಿ ಒಂದು ಬರಗಾಲದ ಮೂಲಕ ಪರೀಕ್ಷೆಗೆ ಒಡ್ಡುತ್ತಾರೆ. ಮಳೆ ಹೋಗಿ ನಾಲ್ಕು ವರ್ಷ ನಾಡು ಹಸಿಯುತ್ತದೆ. ಶೆವೆಕ್ ಮತ್ತು ಅವನ ಸಂಗಾತಿ ತಕ್ವೆರ್ ಬೇರೆ ಬೇರೆ ಊರುಗಳ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಅಗಲಿರಬೇಕಾಗುತ್ತದೆ. ಅವನ ಪಾಲಿಗೆ ಬಂದ ಒಂದು ಕೆಲಸವೆಂದರೆ ಯಾರಿಗೆ ಪೂರ್ತಿ ಊಟ, ಯಾರಿಗೆ ಕಡಿಮೆ ಊಟ ಎಂದು ಪಟ್ಟಿ ಮಾಡುವುದು. ಮನಸ್ಸು ಒಪ್ಪದೆ ಅವನು ಅದನ್ನು ಬಿಡುತ್ತಾನೆ. ಆದರೆ ಪಟ್ಟಿ ಮಾಡಲು ಇನ್ನೊಬ್ಬರು ಯಾವಾಗಲೂ ಸಿಗುತ್ತಾರೆಂದು ಅವನಿಗೆ ಗೊತ್ತು. ಎಲ್ಲರೂ ಹಂಚಿಕೊಂಡೇ ಬದುಕಿದ ಆ ನಾಡಿನಲ್ಲಿ, ಹಸಿದವರು ತುಂಬಿದ ರೈಲು ಬಂದು ನಿಂತಾಗ ಊರಿನವರು ತಮ್ಮ ಪಾಲಿನ ಊಟವನ್ನು ಹೊರಗೆ ತರುವುದಿಲ್ಲ. ಹಾಗೆಂದು ನಾಡು ಕುಸಿಯುವುದೂ ಇಲ್ಲ. ಬಹುಮಂದಿ ಕಷ್ಟವನ್ನು ಸಮನಾಗಿಯೇ ಹೊರುತ್ತಾರೆ. ಎರಡೂ ನಿಜವೆಂದು ಕಾದಂಬರಿ ಒಪ್ಪುತ್ತದೆ, ಒಂದನ್ನು ತೋರಿಸಲು ಇನ್ನೊಂದನ್ನು ಮುಚ್ಚಿಡುವುದಿಲ್ಲ.

ಬರಗಾಲ ಮುಗಿದ ಮೇಲೆ ಶೆವೆಕ್, ತಕ್ವೆರ್, ಬೆದಪ್ ಸೇರಿ ತಮ್ಮದೇ ಮುದ್ರಣದ ಸಂಘ ಕಟ್ಟಿ ಉರಾಸಿನ ವಿಜ್ಞಾನಿಗಳೊಡನೆ ಸಂಪರ್ಕ ಬೆಳೆಸುತ್ತಾರೆ. ದ್ರೋಹಿಗಳು ಎಂಬ ಮಾತು ಹಬ್ಬುತ್ತದೆ. ಅದರ ಪೆಟ್ಟು ಮೊದಲು ಬೀಳುವುದು ಅವರ ಪುಟ್ಟ ಮಗಳು ಸಾದಿಕ್ ಮೇಲೆ. ಮಕ್ಕಳ ವಸತಿಯಲ್ಲಿ ಅವಳೊಡನೆ ಯಾರೂ ಆಡುವುದಿಲ್ಲ, ಅವಳು ಅಪ್ಪನ ಬಳಿ ಬಂದು ಅಳುತ್ತಾಳೆ. ದೊಡ್ಡವರ ಸಿಟ್ಟನ್ನು ಮಕ್ಕಳು ಮಕ್ಕಳ ಮೇಲೆ ತೀರಿಸುವ ಈ ಚಿತ್ರ ಇಡೀ ವಾದದ ಬೆಲೆ ಎಷ್ಟೆಂದು ಒಂದೇ ಗಳಿಗೆಯಲ್ಲಿ ತಿಳಿಸುತ್ತದೆ. ಶೆವೆಕ್ ಉರಾಸಿಗೆ ಹೊರಡಲು ನಿಶ್ಚಯಿಸುತ್ತಾನೆ. 170 ವರ್ಷಗಳಲ್ಲಿ ಹಾಗೆ ಹೋದ ಮೊದಲಿಗ ಅವನೇ.

ಉರಾಸಿನಲ್ಲಿ ಅವನಿಗೆ ರಾಜಮರ್ಯಾದೆ. ಆ ಲೋಕದ ಕಾಡುಗಳ, ಹಕ್ಕಿಗಳ ಚೆಲುವಿಗೆ ಅವನು ಮನಸೋಲುತ್ತಾನೆ. ಆದರೆ ವಿಶ್ವವಿದ್ಯಾಲಯದಲ್ಲಿ ಹೆಂಗಸರೇ ಕಾಣುವುದಿಲ್ಲವಲ್ಲ ಎಂದು ಅವನು ಕೇಳಿದರೆ ಅಲ್ಲಿನ ವಿದ್ವಾಂಸರು ನಗುತ್ತಾರೆ. ಅವನ ಸ್ವಂತ ಗುರುಗಳಲ್ಲಿ ಒಬ್ಬಳು ಹೆಂಗಸು, ಅವನ ನಾಡಿನ ಮೂಲಪುರುಷರ ಸ್ಥಾನದಲ್ಲಿ ಇರುವವಳೂ ಹೆಂಗಸೇ. ದೊಡ್ಡ ಅಂಗಡಿಬೀದಿಯಲ್ಲಿ ಮಾರುವವರು, ಕೊಳ್ಳುವವರು ಕಾಣುತ್ತಾರೆ. ಆ ವಸ್ತುಗಳನ್ನು ಮಾಡಿದವರು ಮಾತ್ರ ಎಲ್ಲೂ ಕಾಣುವುದಿಲ್ಲ. ಅವರ ಬದುಕು ಅವನಿಗೆ ತಿಳಿಯುವುದು ಎಫೊರ್ ಎಂಬ ಆಳಿನ ಬಾಯಿಂದ. ತನ್ನ ಸಿದ್ಧಾಂತವನ್ನು ಕೊಂಡು ಶಸ್ತ್ರವಾಗಿಸುವ ಉದ್ದೇಶದಿಂದಲೇ ಇಷ್ಟೆಲ್ಲ ಉಪಚಾರ ನಡೆದಿದೆ ಎಂದು ಅರಿತಾಗ ಅವನು ಅರಮನೆ ಬಿಟ್ಟು ಮುಷ್ಕರ ಹೂಡಿದ ಜನರ ನಡುವೆ ಸೇರುತ್ತಾನೆ. ಆ ಜನಸ್ತೋಮದ ಮೇಲೆ ಹೆಲಿಕಾಪ್ಟರುಗಳಿಂದ ಗುಂಡು ಸುರಿಯುತ್ತದೆ.

ಅವನ ಸಿದ್ಧಾಂತ ಕಾಲದ ಬಗ್ಗೆ. ಕಾಲವು ಬಾಣದಂತೆ ಮುಂದೆ ಹೋಗುತ್ತದೆ ಎನ್ನುವವರಿದ್ದಾರೆ, ಚಕ್ರದಂತೆ ಸುತ್ತುತ್ತದೆ, ಎಲ್ಲವೂ ಏಕಕಾಲಕ್ಕೆ ಇದೆ ಎನ್ನುವವರಿದ್ದಾರೆ. ಎರಡನ್ನೂ ಕೂಡಿಸುವುದು ಶೆವೆಕನ ಶೋಧ. ಇದು ಒಣ ಗಣಿತವಲ್ಲ, ಕಾದಂಬರಿಯ ನೀತಿಯೂ ಇದರಲ್ಲೇ ಇದೆ. ಮಾತು ಕೊಡುವುದೆಂದರೇನು? ನಿನ್ನೆಯ ನುಡಿಯನ್ನು ನಾಳೆಗೆ ಕಟ್ಟುವುದು. ಮಾತಿಗೆ ತಪ್ಪಿದವನು ನಿನ್ನೆಯನ್ನೂ ಇಲ್ಲವಾಗಿಸುತ್ತಾನೆ, ನಾಳೆಯನ್ನೂ ಕಳೆದುಕೊಳ್ಳುತ್ತಾನೆ. ಮದುವೆಯ ಕಟ್ಟಳೆಯಿಲ್ಲದ ನಾಡಿನಲ್ಲಿ ಶೆವೆಕ್ ಮತ್ತು ತಕ್ವೆರ್ ಒಬ್ಬರಿಗೊಬ್ಬರು ಉಳಿಸಿಕೊಂಡ ಮಾತಿಗೂ, ಪೂರ್ವಜರ ಕ್ರಾಂತಿಗೆ ಒಂದು ಪೀಳಿಗೆ ಉಳಿಸಿಕೊಳ್ಳಬೇಕಾದ ನಿಷ್ಠೆಗೂ ಸೂತ್ರ ಒಂದೇ. ಪುಸ್ತಕದ ಕಟ್ಟಡವೂ ಹಾಗೆಯೇ ಇದೆ. ಹದಿಮೂರು ಅಧ್ಯಾಯಗಳಲ್ಲಿ ಒಂದು ಉರಾಸಿನದು, ಮುಂದಿನದು ಅನಾರೆಸಿನ ಹಿಂದಿನ ಕಥೆ. ಹೋಗುವ ಕಥೆಯೂ ಹೋಗುವ ಮುಂಚಿನ ಕಥೆಯೂ ಜೊತೆ ಜೊತೆಯಾಗಿ ಬೆಳೆದು ಕೊನೆಗೆ ಕೂಡುತ್ತವೆ.

ಶೆವೆಕ್ ತನ್ನ ಸಿದ್ಧಾಂತವನ್ನು ಯಾರಿಗೂ ಮಾರುವುದಿಲ್ಲ. ಭೂಮಿಯ ರಾಯಭಾರಿ ಕೆಂಗ್ ಎಂಬಾಕೆಯ ಮೂಲಕ ಎಲ್ಲ ಲೋಕಗಳಿಗೂ ಒಟ್ಟಿಗೆ ಅದನ್ನು ಸಾರಿಬಿಡುತ್ತಾನೆ. ಎಲ್ಲರ ಕೈಗೂ ಸಿಕ್ಕಿದ್ದನ್ನು ಯಾರೂ ತನ್ನದೆನ್ನಲಾರರು. ಅದರಿಂದ ಲೋಕಲೋಕಗಳ ನಡುವೆ ತಕ್ಷಣ ಮಾತಾಡುವ ಯಂತ್ರ ಸಾಧ್ಯವಾಗುತ್ತದೆ. ಆ ಯಂತ್ರಕ್ಕೆ ಲೆ ಗ್ವಿನ್ 1966ರ ತಮ್ಮ ಕಾದಂಬರಿಯಲ್ಲೇ ಇಟ್ಟಿದ್ದ ‘ಆನ್ಸಿಬಲ್’ ಎಂಬ ಹೆಸರನ್ನು ಮುಂದೆ ಬೇರೆ ಲೇಖಕರೂ ಎರವಲು ಪಡೆದರು. ಕೆಂಗ್‌ಳ ಮಾತು ಮಾತ್ರ ಓದುಗನನ್ನು ತಟ್ಟನೆ ನಿಲ್ಲಿಸುತ್ತದೆ. ಅವಳ ಭೂಮಿ ಮನುಷ್ಯರ ದುರಾಸೆಯಿಂದ ಹಾಳಾಗಿದೆ. ಒಮ್ಮೆ 900 ಕೋಟಿ ಇದ್ದವರು ಈಗ 50 ಕೋಟಿಯಷ್ಟು ಉಳಿದಿದ್ದಾರೆ. ಶೆವೆಕನಿಗೆ ನರಕವೆನಿಸಿದ ಉರಾಸ್ ಅವಳಿಗೆ ಸ್ವರ್ಗ. ಸ್ವರ್ಗ ನರಕಗಳನ್ನು ಅಳೆಯುವವನು ಎಲ್ಲಿ ನಿಂತಿದ್ದಾನೆ ಎಂಬುದನ್ನೂ ಕೇಳಬೇಕಾಗುತ್ತದೆ.

ಕಾದಂಬರಿಗೆ ಆಕ್ಷೇಪಗಳೂ ಬಂದಿವೆ. ಲೇಖಕ ಸ್ಯಾಮ್ಯುಯೆಲ್ ಡಿಲೇನಿ 1977ರಲ್ಲಿ ದೀರ್ಘವಾದ ಪ್ರಬಂಧ ಬರೆದು, ಇಲ್ಲಿ ಹೇಳುವ ವಿಚಾರಗಳು ಎಷ್ಟೋ ಕಡೆ ಪಾತ್ರಗಳ ನಡೆಯಲ್ಲಿ ಮೂಡಿಬಂದಿಲ್ಲ ಎಂದು ತೋರಿಸಿದರು. ಸಲಿಂಗಪ್ರೇಮಕ್ಕೆ ಯಾವ ತಡೆಯೂ ಇಲ್ಲವೆಂಬ ನಾಡಿನಲ್ಲಿ ಬೆದಪ್ ಮಾತ್ರ ಏಕೆ ಹಾಗೆ ಒಂಟಿ ಎಂಬ ಪ್ರಶ್ನೆ ನ್ಯಾಯವಾದದ್ದೇ. ಉರಾಸಿನ ಔತಣಕೂಟವೊಂದರಲ್ಲಿ ಕುಡಿದ ಶೆವೆಕ್ ಹೆಂಗಸೊಬ್ಬಳ ಮೇಲೆ ಕೈಮಾಡುವ ಪ್ರಸಂಗವೂ ಓದುಗನಿಗೆ ಸುಲಭವಾಗಿ ಜೀರ್ಣವಾಗುವುದಿಲ್ಲ. ಆದರೂ ಕೃತಿಯ ಮುಖ್ಯ ಪ್ರಶ್ನೆಗೆ ಇವುಗಳಿಂದ ಧಕ್ಕೆಯಿಲ್ಲ.

ಆ ಪ್ರಶ್ನೆ ಕಾದಂಬರಿಯ ಮೊದಲ ಪುಟದಲ್ಲೇ ಇದೆ. ಅಲ್ಲಿ ಅಂತರಿಕ್ಷ ನಿಲ್ದಾಣವನ್ನು ಸುತ್ತುವರಿದ ಒಂದು ಗೋಡೆಯ ವರ್ಣನೆ ಬರುತ್ತದೆ. ಗೋಡೆಗಳನ್ನೇ ಒಪ್ಪದ ನಾಡಿನಲ್ಲಿ ಇರುವ ಮುಖ್ಯ ಗೋಡೆ ಅದು. ಬಹಳ ಗಿಡ್ಡ. ದೊಡ್ಡವರು ಅದರಾಚೆ ನೋಡಬಹುದು, ಮಕ್ಕಳೂ ಹತ್ತಬಹುದು. ರಸ್ತೆ ಹಾದು ಹೋಗುವ ಕಡೆ ಬಾಗಿಲು ಕೂಡ ಇಲ್ಲ. ಅದು ಉರಾಸಿನಿಂದ ಬರುವ ಹಡಗುಗಳನ್ನು ಕೂಡಿಹಾಕಿದೆಯೋ ಅಥವಾ ಇಡೀ ಅನಾರೆಸನ್ನು ಕೂಡಿಹಾಕಿದೆಯೋ, ಅದು ನೋಡುವವರು ನಿಂತ ಕಡೆಯನ್ನು ಹೊಂದಿಕೊಂಡದ್ದು. ಗೋಡೆಯ ಬಲ ಕಲ್ಲಿನಲ್ಲಿಲ್ಲ. ದಾಟಬಾರದೆಂದು ಎಲ್ಲರೂ ಒಪ್ಪಿಕೊಂಡಿರುವುದರಲ್ಲಿದೆ.

ಒಳ್ಳೆಯ ಆಶಯದಿಂದ ಹುಟ್ಟಿದ ಸಂಸ್ಥೆಗಳಿಗೂ ಚಳವಳಿಗಳಿಗೂ ದೇಶಗಳಿಗೂ ಇಂಥ ಗಿಡ್ಡ ಗೋಡೆಗಳು ಎದ್ದುಬಿಡುತ್ತವೆ. ಅದಕ್ಕೆ ಆಶಯವೇ ಸುಳ್ಳೆಂದು ಬಿಟ್ಟುಬಿಡುವುದು ಒಂದು ಸೋಮಾರಿತನ. ಆಶಯ ಕೈಗೂಡಿತು, ಇನ್ನು ಪ್ರಶ್ನಿಸಬೇಡಿ ಎನ್ನುವುದು ಅದಕ್ಕಿಂತ ದೊಡ್ಡ ಸೋಮಾರಿತನ. ಲೆ ಗ್ವಿನ್ ಎರಡನ್ನೂ ಒಪ್ಪಲಿಲ್ಲ. ಕುಂದುಳ್ಳ ನ್ಯಾಯ, ಕುಂದಿಲ್ಲದ ಅನ್ಯಾಯಕ್ಕಿಂತ ಮೇಲು. ಆದರೆ ಕುಂದನ್ನು ಪ್ರತಿ ಪೀಳಿಗೆಯೂ ಹೊಸದಾಗಿ ಹುಡುಕಿ ತಿದ್ದುತ್ತಿದ್ದರೆ ಮಾತ್ರ ಅದು ನ್ಯಾಯವಾಗಿ ಉಳಿಯುತ್ತದೆ. ಶೆವೆಕ್ ತನ್ನ ನಾಡನ್ನು ಟೀಕಿಸಿದ್ದು ಅದನ್ನು ಬಿಡಲಿಕ್ಕಲ್ಲ, ಅದರ ಮೊದಲ ಮಾತನ್ನು ಉಳಿಸಿಕೊಳ್ಳಲಿಕ್ಕೆ.

ಲೆ ಗ್ವಿನ್ 2018ರ ಜನವರಿಯಲ್ಲಿ ತೀರಿಕೊಂಡರು. 2014ರಲ್ಲಿ ಅಮೆರಿಕದ ರಾಷ್ಟ್ರೀಯ ಪುಸ್ತಕ ಪ್ರತಿಷ್ಠಾನ ಅವರಿಗೆ ಗೌರವ ಪದಕ ಕೊಟ್ಟಾಗ, ಈಗಿರುವುದಕ್ಕಿಂತ ಬೇರೆ ರೀತಿಯ ಬದುಕನ್ನು ಕಲ್ಪಿಸಬಲ್ಲ ಬರಹಗಾರರು ಮುಂದಿನ ಕಷ್ಟದ ದಿನಗಳಲ್ಲಿ ಬೇಕಾಗುತ್ತಾರೆ ಎಂಬ ಅರ್ಥದ ಮಾತನ್ನು ಅವರು ಆಡಿದ್ದರು.

ಕಾದಂಬರಿಯ ಕೊನೆಯಲ್ಲಿ ಶೆವೆಕ್ ಮರಳಿ ಹೊರಟಿದ್ದಾನೆ. ಜೊತೆಗೆ ಬೇರೆ ಲೋಕದ ಕೆಥೊ ಎಂಬ ನಾವಿಕನೂ ಅನಾರೆಸನ್ನು ನೋಡುತ್ತೇನೆಂದು ಇಳಿಯಲು ಸಿದ್ಧನಾಗಿದ್ದಾನೆ. ಹೊರಟ ದಿನ ಶೆವೆಕನ ಮೇಲೆ ಕಲ್ಲು ತೂರಿದ ಜನ ಅದೇ ಗೋಡೆಯ ಬಳಿ ಕಾದಿರಬಹುದು, ಗೆಳೆಯರೂ ಕಾದಿರಬಹುದು. ಅವರು ಏನು ಮಾಡಿದರೆಂದು ಕಥೆ ಹೇಳುವುದಿಲ್ಲ. ಶೆವೆಕನ ಕೈಯಲ್ಲಿ ಏನೂ ಇಲ್ಲ. ಹೋಗುವಾಗ ಬರಿಗೈಯಲ್ಲಿ ಹೋದವನು ಬರಿಗೈಯಲ್ಲೇ ಬರುತ್ತಿದ್ದಾನೆ.